ಕಾಂಗರೂ ಬಯಲಿನ ಹುತ್ತ

ಒಂಬತ್ತು ವರ್ಷ ವಿಜಯಶ್ರೀ ರಾಜಾಜಿನಗರದ ಆಫೀಸೊಂದರಲ್ಲಿ ಕೂತು ಬೇರೆಯವರ ಹೆಸರಿಗೆ ನಕ್ಷೆ ಬರೆದಳು. ಹತ್ತನೇ ವರ್ಷ, ಎರಡು ಸಾವಿರದ ಎಂಟರಲ್ಲಿ, ಮೃಗಾಲಯವೊಂದರ ಕಾಂಗರೂ ಆವರಣದ ಕೆಲಸ ಅವಳಿಗೇ ಸಿಕ್ಕಿತು. ಬಾಗಿಲ ಕಲ್ಲಿನ ಮೇಲೆ ಅವಳದೇ ಹೆಸರು ಕೊರೆಸುತ್ತೇವೆಂದು ಮೃಗಾಲಯದ ಸಾಹೇಬರು ಮಾತು ಕೊಟ್ಟಿದ್ದರು. ಆ ಒಂದು ಮಾತಿಗಾಗಿ ಆಕೆ ಊಟ ನಿದ್ದೆ ಮರೆತಳು.

ಅವಳ ನಕ್ಷೆಯಲ್ಲಿ ಕಂಬಿ ಇಲ್ಲ, ಬೇಲಿ ಕಣ್ಣಿಗೆ ಬೀಳುವುದಿಲ್ಲ. ಕೆಂಪು ಮಣ್ಣು, ನೀಲಗಿರಿ ಮರ, ಒಣಹುಲ್ಲು. ನಡುವೆ, ಆಸ್ಟ್ರೇಲಿಯಾದ ಬಯಲಿನಲ್ಲಿರುವಂಥ ಹತ್ತಡಿಯ ಗೆದ್ದಲ ಹುತ್ತ. ಜನ ಅದರ ಬಾಯಿಯಿಂದ ಒಳಹೊಕ್ಕರೆ ಎದುರಿನ ಗಾಜಿನಾಚೆ ಕಾಂಗರೂ, ಮೂತಿಗೆ ಮೂತಿ. ಹುತ್ತದ ಬಾಯನ್ನು ಬೇಕೆಂದೇ ತಗ್ಗಾಗಿ ಇಟ್ಟಿದ್ದಳು. ಪ್ರಾಣಿಯ ಮುಂದೆ ಮನುಷ್ಯ ಒಮ್ಮೆಯಾದರೂ ಬಗ್ಗಲಿ ಎಂದು.

ಹುತ್ತ ಎದ್ದದ್ದು ಲಗ್ಗೆರೆಯಲ್ಲಿ, ಲಕ್ಷ್ಮೀಪತಿ ಎಂಬಾತನ ಖಾಲಿ ಸೈಟನ್ನು ಬಾಡಿಗೆಗೆ ಹಿಡಿದು. ಕೊಪ್ಪಳದ ಕಡೆಯ ಗಾರೆ ಮೇಸ್ತ್ರಿ ಕೊಟ್ರಪ್ಪ ಕಬ್ಬಿಣದ ಜಾಲರಿ ಬಿಗಿದು, ಸಿಮೆಂಟು ಮೆತ್ತಿ, ಕೆಮ್ಮಣ್ಣು ಬಳಿದ. ನಿಜವಾದ ಗೆದ್ದಲು ನೋಡಿದ್ದರೂ ನಾಚಬೇಕಿತ್ತು. ಸೋಮವಾರ ಸಮಿತಿಯವರು ನೋಡಲು ಬರುವಷ್ಟರಲ್ಲಿ ಅದು ಮೃಗಾಲಯದಲ್ಲಿ ನಿಂತಿರಬೇಕಿತ್ತು.

ನಾಗರ ಪಂಚಮಿಯ ಹಿಂದಿನ ದಿನ ಬಸವೇಶ್ವರನಗರದಿಂದ ತಾಯಿ ಯಶೋದಮ್ಮನನ್ನು ಕರೆತಂದು ತೋರಿಸಿದಳು. ಆ ಮಹಾತಾಯಿ ಕಣ್ಣರಳಿಸಿ, ಚಪ್ಪಲಿ ಕಳಚಿ, ಚೀಲದಿಂದ ಅರಿಸಿನ ಕುಂಕುಮ ತೆಗೆದರು. ಬೇಡ ಎನ್ನಬಹುದಿತ್ತು. ವಿಜಯಶ್ರೀ ಎನ್ನಲಿಲ್ಲ. ಮಗಳ ಕೆಲಸವನ್ನು ಒಂದು ದಿನವೂ ಹೊಗಳದ ಅಮ್ಮ ಕೈಮುಗಿದು ನಿಂತಿದ್ದರು.

ಮರುದಿನ ಬೀದಿಯ ಹೆಂಗಸರೆಲ್ಲ ಹಾಲು ಹಿಡಿದು ಬಂದರು. ಗುರುವಾರ ಶಾಮಿಯಾನ, ಶುಕ್ರವಾರ ಗಂಟೆ, ಮೈಕು. ವಾರ್ಡ್ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದ ಲಕ್ಷ್ಮೀಪತಿ ಪಂಚೆಯುಟ್ಟು ಆರತಿ ತಟ್ಟೆ ಹಿಡಿದ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದು ಹೊಸದೇನಲ್ಲ.

ಶನಿವಾರ ಹುತ್ತ ಸಾಗಿಸಲು ಕ್ರೇನ್ ಬಂತು. ಡ್ರೈವರ್ ಇಳಿದು ನೋಡಿ, ಕೆನ್ನೆ ಬಡಿದುಕೊಂಡು, "ನಂಗೂ ಹೆಂಡ್ತಿ ಮಕ್ಳಿದಾರೆ ಮೇಡಂ" ಎಂದು ಗಾಡಿ ತಿರುಗಿಸಿದ.

ವಿಜಯಶ್ರೀ ಮೇಸ್ತ್ರಿಯ ಕಡೆ ತಿರುಗಿದಳು. "ಒಳಗೆ ಏನಿದೆ ಅಂತ ನೀವಾದ್ರೂ ಹೇಳಿ ಕೊಟ್ರಪ್ಪ!"

"ಜಾಲರಿ ನಾನೇ ಬಿಗಿದೀನ್ರಿ," ಎಂದ ಕೊಟ್ರಪ್ಪ, ನೆಲ ನೋಡುತ್ತಾ. "ಆದ್ರ ಮಂದಿ ಹಾಲೆರದಾರ. ಇನ್ನ ನನ್ನ ಕೈಲೆ ಮುಟ್ಟಾಕ ಆಗಂಗಿಲ್ರಿ."

ಸೋಮವಾರ ಸಮಿತಿ ಕಂಡದ್ದು ಬರೀ ಕೆಂಪು ಮಣ್ಣು. "ದೇವರ ವಿಷ್ಯ, ಪೇಪರ್‌ಗೆ ಹೋದ್ರೆ ನಮಗೆ ಕಷ್ಟ," ಎಂದರು ಸಾಹೇಬರು. "ಇನ್ನೊಂದು ಕಂಪನಿಯವರು ಫೈಬರ್ ಹುತ್ತ ಕೊಡ್ತಾರಂತೆ." ಹುತ್ತದ ಕೆಲಸದ ಜೊತೆಗೆ ಅವಳ ನಕ್ಷೆಯೂ ಆ ಕಂಪನಿಯವರ ಪಾಲಾಯಿತು. ಬಾಗಿಲ ಕಲ್ಲಿನ ಮೇಲೆ ಅವರದೇ ಹೆಸರು ಬಿತ್ತು. ಮೋಸ ಎಂದು ಕೂಗಾಡಿದಳು, ಕೇಳುವವರಿರಲಿಲ್ಲ.

ಕಾರ್ತಿಕ ಮಾಸದಲ್ಲಿ ಅಮ್ಮ ಹಟ ಹಿಡಿದು ಅವಳನ್ನು ಲಗ್ಗೆರೆಗೆ ಎಳೆದೊಯ್ದರು. ಅಲ್ಲೂ ಬಾಗಿಲಿಗೆ ಗ್ರಾನೈಟು ಕಲ್ಲು ಬಂದಿತ್ತು: 'ನಿರ್ಮಾತೃ, ಶ್ರೀ ಲಕ್ಷ್ಮೀಪತಿ'. ಕಾಂಗರೂ ಕಾಣಬೇಕಿದ್ದ ಗಾಜಿನ ಮುಂದೆ ನಾಗಪ್ಪನ ಕಲ್ಲು.

"ನಾಗಪ್ಪ ನಿನ್ ಕೈಲಿ ಎಂಥ ಪುಣ್ಯದ ಕೆಲ್ಸ ಮಾಡಿಸ್ಕೊಂಡಿದಾನೆ ನೋಡೇ," ಎಂದು ಅಮ್ಮ ಕಣ್ಣೊರೆಸಿಕೊಂಡರು. ವಿಜಯಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಹಿಂದಿನ ಸಾಲಿನಿಂದ ಯಾರೋ ಅವಳ ಬೆನ್ನಿಗೆ ತಿವಿದರು. "ಬೇಗ ಬಗ್ಗಿ ಆಂಟಿ. ಯಾವನು ಕಟ್ಟಿದ್ನೋ ಏನೋ, ಬಾಗ್ಲು ತಗ್ಗು!"

ಅವಳು ಬಗ್ಗಿದಳು.