ಹಂದಿ ಬರೆದವರ ಹೆಸರು

ದೋನ್ ಫಿದೆನ್ಸಿಯೊ ಅವರ ಬಲಗಡೆ ಮೊಣಕಾಲು ಏಣಿಯ ಮೂರನೇ ಮೆಟ್ಟಿಲಿನವರೆಗೆ ಮಾತ್ರ ಹೇಳಿದ ಮಾತು ಕೇಳುತ್ತದೆ. ನಾಲ್ಕನೆಯದಕ್ಕೆ ಗ್ವಾದಲೂಪೆ ಮಾತೆಯನ್ನು ಕರೆಯಬೇಕು. ಐದನೆಯದಕ್ಕೆ ಅವಳೂ ಬರುವುದಿಲ್ಲ. ವಯಸ್ಸು ಅರವತ್ತೇಳು. ಹೂಸ್ಟನ್ನಿನ ನಮ್ಮ ಹ್ಯಾರಿಸ್‌ಬರ್ಗ್ ರಸ್ತೆಯ ಬೋರ್ಡುಗಳನ್ನೆಲ್ಲ ಮೂವತ್ತು ವರ್ಷದಿಂದ ಬರೆದವರು ಅವರೇ. ಟೈರ್ ಅಂಗಡಿ, ಕ್ಷೌರದ ಅಂಗಡಿ, ಬ್ರೆಡ್ ಅಂಗಡಿ, ಹಲ್ಲಿನ ಡಾಕ್ಟರು. ಈಗ ಫ್ಲೆಕ್ಸ್ ಬಂದಿದೆ. ಅದು ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ, ಆದರೂ ಜನಕ್ಕೆ ಅದೇ ಬೇಕು. ಈಗೀಗ ದೋನ್ ಫಿದೆನ್ಸಿಯೊ ಬರೆಯುವುದು ಹೆಚ್ಚಾಗಿ ಒಂದೇ ವಾಕ್ಯ: "ಇಲ್ಲಿ ಗಾಡಿ ನಿಲ್ಲಿಸಬಾರದು."

ಅವರು ಬರೆದದ್ದರಲ್ಲಿ ಎಲ್ಲರಿಗೂ ಇಷ್ಟವಾದದ್ದು ದೋನ್ಯಾ ಒಬ್ದೂಲಿಯಾ ಅವರ ಹಂದಿ. ಒಬ್ದೂಲಿಯಾ ಹತ್ತೊಂಬತ್ತು ವರ್ಷ ಹಂದಿಮಾಂಸದ ಊಟದಂಗಡಿ ನಡೆಸಿದವರು. ಬಾಗಿಲ ಮೇಲೆ ಒಂದು ಮರದ ಹಲಗೆ. ಅದರಲ್ಲಿ ಏಪ್ರನ್ ಕಟ್ಟಿಕೊಂಡ ಗುಲಾಬಿ ಬಣ್ಣದ ಹಂದಿ. ಅದು ತಾಮ್ರದ ಕೊಪ್ಪರಿಗೆಯೊಳಗೆ ಕೂತು, ಕೈಯಲ್ಲಿ ಸೌಟು ಹಿಡಿದು, ತನ್ನನ್ನು ತಾನೇ ಬೇಯಿಸಿಕೊಳ್ಳುತ್ತ ನಗುತ್ತಿತ್ತು. ಕಳೆದ ಫೆಬ್ರವರಿಯಲ್ಲಿ ಆ ಕಟ್ಟಡವನ್ನು ರೊಹೆಲಿಯೊ ಸಾಂಬ್ರಾನೊ ಕೊಂಡ. ನಮ್ಮವನೇ. ಅವನ ಅಪ್ಪ ನನ್ನ ಅಪ್ಪನ ಜೊತೆ ಮನೆಗಳಿಗೆ ಛಾವಣಿ ಹಾಕುತ್ತಿದ್ದ. ಮಗ ಛಾವಣಿಗಳನ್ನೇ ಕೊಳ್ಳುತ್ತಾನೆ. ಒಬ್ದೂಲಿಯಾಗೆ ಜಾಗ ಬಿಡಲು ಮೂರು ವಾರ ಕೊಟ್ಟ. ಒಲೆ, ಬೆಂಚು, ಕೊಪ್ಪರಿಗೆ ಎಲ್ಲ ಒಯ್ಯಬಹುದು ಅಂದ. ಹಲಗೆಗೆ ಮಾತ್ರ ಕೈ ಹಚ್ಚುವ ಹಾಗಿಲ್ಲ.

"ಅದು ಗೋಡೆಗೆ ಸೇರಿದ್ದು, ಗೋಡೆ ನಂದು" ಅಂದ.

"ಹಾಗಾದ್ರೆ ನೊಣಗಳೂ ನಿಂದೇ, ಇಟ್ಕೊ" ಎಂದು ಒಬ್ದೂಲಿಯಾ ಹೊರಗೆ ಬಂದರು. ಈಗ ಎದುರು ಫುಟ್‌ಪಾತಿನಲ್ಲಿ ಕೊಡೆ ಕಟ್ಟಿದ ತಳ್ಳುಗಾಡಿಯ ಹಿಂದೆ ನಿಲ್ಲುತ್ತಾರೆ. ಮಧ್ಯಾಹ್ನ ಎರಡಕ್ಕೆ ಕೊಡೆಯ ನೆರಳು ರಸ್ತೆಗೆ ಬೀಳುತ್ತದೆ, ಅವರ ಮೇಲೆ ಬೀಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಆ ಹಳೆಯ ಊಟದಂಗಡಿಗೆ ಬಿಳಿ ಸುಣ್ಣ ಹೊಡೆದು ಚಿತ್ರಶಾಲೆ ಮಾಡಿದರು. ಹಿಸ್ಪಾನಿಕ್ ಮತ್ತು ಲ್ಯಾಟಿನೆಕ್ಸ್ ಕಲಾವಿದರ ಪ್ರದರ್ಶನ, ಹದಿನಾಲ್ಕು ಜನ, ನಾಲ್ಕು ವಾರ. ಪ್ರಾಯೋಜಕ ಸಾಂಬ್ರಾನೊ.

ಈ ಕಥೆಯನ್ನು ನಾನು ಹೇಳಬಹುದೋ ಇಲ್ಲವೋ ಎಂದು ನನಗೆ ಅನುಮಾನವಿದೆ. ತಪ್ಪಿನಲ್ಲಿ ನನ್ನ ಕೈಯೂ ಇದೆ. ನನ್ನ ಹೆಸರು ನೋಯೆಮಿ. ಹಗಲು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸುತ್ತೇನೆ, ಸಂಜೆ ಇಂಗ್ಲಿಷ್ ತರಗತಿಗೆ ಹೋಗುತ್ತೇನೆ. ಚಿತ್ರಗಳ ಪಕ್ಕ ಅಂಟಿಸುವ ಚೀಟಿಗಳನ್ನು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಮಾಡಿಕೊಡಲು ನಮ್ಮ ಟೀಚರು ನನ್ನ ಹೆಸರು ಹೇಳಿದರು. ನನಗೆ ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು. ಒಂಬತ್ತನೇ ಚೀಟಿಗೆ ಬಂದೆ.

"ಅಜ್ಞಾತ ಕಲಾವಿದ. ಪ್ಲೈವುಡ್ ಮೇಲೆ ಎನಾಮಲ್. ರೊಹೆಲಿಯೊ ಸಾಂಬ್ರಾನೊ ಅವರ ಸಂಗ್ರಹ. ತನ್ನ ದೇಹವನ್ನು ತಾನೇ ಬೇಯಿಸಿಕೊಳ್ಳುವ ಈ ಪ್ರಾಣಿಯ ನಗುವಿನಲ್ಲಿ ಶ್ರಮಿಕನ ಇಡೀ ಬದುಕು ಕುದಿಯುತ್ತಿದೆ."

ಹಂದಿ ಯಾರದು ಎಂದು ನನಗೆ ಗೊತ್ತಿತ್ತು. ಆದರೂ ಅನುವಾದ ಮಾಡಿ ಕೊಟ್ಟೆ. ಕೊಟ್ಟ ಕೆಲಸ ಮಾಡು, ಪ್ರಶ್ನೆ ಕೇಳಬೇಡ ಎಂದು ಕಲಿತ ಕೈ. ಮರುದಿನ ದೋನ್ ಫಿದೆನ್ಸಿಯೊ ಅವರನ್ನು ಚಿತ್ರಶಾಲೆಗೆ ಕರೆದುಕೊಂಡು ಹೋದೆ. ಒಬ್ದೂಲಿಯಾ ಗಾಡಿ ಬಿಟ್ಟು ತಾವೇ ಹಿಂದೆ ಬಂದರು.

ದೋನ್ ಫಿದೆನ್ಸಿಯೊ ಒಳಗೆ ಗೋಡೆಗೆ ತೂಗುಹಾಕಿದ್ದ ಹಂದಿಯ ಮುಂದೆ ನಿಂತರು.

"ಕಿವಿ ದೊಡ್ಡದಾಯ್ತು. ಅವತ್ತೇ ಹೇಳಿದ್ದೆ" ಅಂದರು.

"ಹೇಳಿದ್ದು ನಾನು" ಅಂದರು ಒಬ್ದೂಲಿಯಾ. "ಹಂದಿ ಬರಿ ಅಂದ್ರೆ ಕತ್ತೆ ಬರೀತಿದ್ದೀಯ ಅಂದಿದ್ದೆ."

ಆಮೇಲೆ ದೋನ್ ಫಿದೆನ್ಸಿಯೊ ಬಗ್ಗಿ ಹಲಗೆಯ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದರು. ಮೂರು ಬೆರಳಿನಷ್ಟು ಅಗಲ ಗರಗಸದಲ್ಲಿ ಕೊಯ್ದು ತೆಗೆದಿದ್ದರು.

"ಇಲ್ಲಿ ನಾನಿದ್ದೆ."

ಅವರು ಪ್ರತಿ ಬೋರ್ಡಿನ ಕೆಳಗೂ ಹೆಸರು ಹಾಕುತ್ತಾರೆ, ಪಕ್ಕದಲ್ಲಿ ಫೋನ್ ನಂಬರು. ಕೆಲಸಕ್ಕೆ ಜನ ಕರೆಯಬೇಕಲ್ಲ.

ಪ್ರದರ್ಶನ ಜೋಡಿಸುತ್ತಿದ್ದವಳು ಬ್ರೂಕ್ ವಿಯಾಸೆನ್ಯೊರ್. ಒಳ್ಳೆಯ ಹುಡುಗಿ. ಅಜ್ಜಿ ಮೆಕ್ಸಿಕೋದ ಮೊಂತೆರೆಯವರು, ಆದರೆ ಹುಡುಗಿಗೆ ಸ್ಪ್ಯಾನಿಷ್ ಬಾರದು. ತನ್ನ ಅಡ್ಡಹೆಸರನ್ನು ಹೇಳುವಾಗ ಬಿಸಿ ಆಲೂಗಡ್ಡೆ ಬಾಯಿಗೆ ಹಾಕಿಕೊಂಡವಳ ಹಾಗೆ ಹೇಳುತ್ತಾಳೆ. ನಾನು ಮಧ್ಯೆ ನಿಂತು ಎರಡೂ ಕಡೆಯ ಮಾತು ದಾಟಿಸಿದೆ.

"ನನಗೆ ತುಂಬಾ ಸಂತೋಷ ಸರ್" ಅಂದಳು ಬ್ರೂಕ್. "ಆದ್ರೆ ಚಿತ್ರ ಕೊಟ್ಟವರ ಪತ್ರದಲ್ಲಿ ಅಜ್ಞಾತ ಅಂತಿದೆ. ಬದಲಾಯಿಸ್ಬೇಕಾದ್ರೆ ಅವರ ಒಪ್ಪಿಗೆ ಬೇಕು, ಇಲ್ಲಾ ನಿಮ್ಮ ಹತ್ರ ಏನಾದ್ರೂ ಕಾಗದ ಇರ್ಬೇಕು."

ನಮ್ಮ ರಸ್ತೆಯಲ್ಲಿ 'ಕಾಗದ' ಅಂದರೆ ಈ ದೇಶದಲ್ಲಿರಲು ಪರವಾನಗಿ; ಆ ಮಾತು ಬಂದರೆ ಜನ ಹಿಂಬಾಗಿಲು ಎಲ್ಲಿದೆ ಎಂದು ನೋಡುತ್ತಾರೆ. ನಾನು ಗಡಿಬಿಡಿಯಲ್ಲಿ "ಚಿತ್ರದ ಕಾಗದ, ಚಿತ್ರದ್ದು" ಎಂದು ಸೇರಿಸಿದೆ.

"ಬಿಲ್ಲು ಕೊಟ್ಟಿದ್ರಾ ಅಂತ ಕೇಳ್ತಿದ್ದಾಳೆ, ಮೇಸ್ತ್ರಿ."

"ಒಂದು ವರ್ಷ ಭಾನುವಾರ ಭಾನುವಾರ ಊಟ ಹಾಕ್ತೀನಿ ಅಂದಿದ್ಲು ಇವಳು. ಬಿಲ್ಲನ್ನ ತಿಂದುಬಿಟ್ಟೆ ಅಂತ ಹೇಳು."

"ಎರಡು ವರ್ಷ ತಿಂದ" ಅಂದರು ಒಬ್ದೂಲಿಯಾ. "ನಾನು ಸಾಕ್ಷಿ. ಅದನ್ನೂ ಹೇಳು ಹುಡುಗಿ."

ಹೇಳಿದೆ. ಬ್ರೂಕ್ ನಕ್ಕಳು, ಆಮೇಲೆ ನಗಬಾರದಿತ್ತೇನೋ ಎಂದು ಮುಖ ಸರಿಮಾಡಿಕೊಂಡಳು. ನಮ್ಮೆದುರೇ ಸಾಂಬ್ರಾನೊಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವನ ದನಿ ಇಡೀ ಕೋಣೆಗೆ ಕೇಳಿಸಿತು.

"ಮಗಳೇ, ಈ ರಸ್ತೇಲಿ ಬ್ರಷ್ ಹಿಡಿದೋರೆಲ್ಲ ನಂದು ನಂದು ಅಂತಾರೆ. ಇವತ್ತು ಬರೆದೋನು ಸಿಕ್ಕಿದ್ರೆ ನಾಳೆ ಬರೆಸಿದೋಳು ಬಂದು ಹಲಗೆ ಕೇಳ್ತಾಳೆ. ಅಜ್ಞಾತ ಅಂತಾನೇ ಇರ್ಲಿ. ಅದ್ರಲ್ಲೊಂದು ಗಾಂಭೀರ್ಯ ಇದೆ."

ಅಲ್ಲಿಗೆ ವಿಷಯ ಎಲ್ಲರಿಗೂ ಅರ್ಥವಾಯಿತು. ಬರೆದವನಿಗೆ ಹೆಸರಿಲ್ಲದಿದ್ದರೆ ಬರೆಸಿದವಳಿಗೂ ಹಕ್ಕಿಲ್ಲ.

ಬ್ರೂಕ್ ಕೆಂಪಾದಳು. ಏನಾದರೂ ಒಳ್ಳೆಯದು ಮಾಡಬೇಕೆನಿಸಿತೋ ಏನೋ, ಮುಂದಿನ ದೊಡ್ಡ ಗಾಜಿನ ಮೇಲೆ ಕೈಬರಹದ ಬೋರ್ಡು ಬೇಕಿತ್ತು, ನೀವೇ ಬರೆಯುತ್ತೀರಾ, ಕೂಲಿ ಕೊಡುತ್ತೇವೆ ಅಂದಳು. ಮೇಲೆ ಪ್ರದರ್ಶನದ ಹೆಸರು, ಕೆಳಗೆ ಹದಿನಾಲ್ಕು ಕಲಾವಿದರ ಹೆಸರು, ಕೊನೆಗೆ ಚಿನ್ನದ ಬಣ್ಣದಲ್ಲಿ ಪ್ರಾಯೋಜಕರ ಹೆಸರು.

"ಸ್ವಂತ ಹೆಸರು ಬಿಟ್ಟು ಉಳಿದದ್ದೆಲ್ಲ" ಅಂದರು ದೋನ್ ಫಿದೆನ್ಸಿಯೊ. ನಾನು ಅದನ್ನು "ಆಗಲಿ" ಎಂದು ಅನುವಾದ ಮಾಡಿದೆ.

ಶನಿವಾರ ಬೆಳಿಗ್ಗೆ ಅವರು ಏಣಿ ತಂದರು. ಲಾಂಡ್ರಿಗೆ ರಜೆ, ಕಾಗುಣಿತ ತಪ್ಪದ ಹಾಗೆ ನೋಡಿಕೊಳ್ಳಲು ನಾನು ಪಕ್ಕದಲ್ಲಿ ನಿಂತೆ. 'ಲ್ಯಾಟಿನೆಕ್ಸ್'ನ ಕೊನೆಗೆ ಬಂದಾಗ ಬ್ರಷ್ ನಿಂತಿತು.

"ಕೊನೇ ಅಕ್ಷರ ಇನ್ನೂ ತೀರ್ಮಾನ ಆಗಿಲ್ವಾ? ಜಾಗ ಬಿಡ್ಲಾ?"

"ಇಲ್ಲ ಮೇಸ್ತ್ರಿ. ಗಂಡಸಿಗೆ ಲ್ಯಾಟಿನೊ, ಹೆಂಗಸಿಗೆ ಲ್ಯಾಟಿನಾ ಅನ್ನೋ ಭೇದ ಬೇಡ ಅಂತ ಅಲ್ಲಿ ಎಕ್ಸ್ ಹಾಕ್ತಾರೆ. ಎಲ್ಲರೂ ಸೇರಲಿ ಅಂತ."

"ನಮ್ಮಪ್ಪ ಓದು ಬರಹ ಬಾರದೆ ಪತ್ರದ ಕೆಳಗೆ ಇದನ್ನೇ ಹಾಕ್ತಿದ್ದ." ಅವರು ಎಕ್ಸ್ ಎಳೆದರು. ಆ ಸಾಲಿನಲ್ಲೆಲ್ಲ ಅದೇ ಅತಿ ಚೆಂದದ ಅಕ್ಷರವಾಯಿತು. "ಸೇರ್ಲಿ, ಅವನೂ ಸೇರ್ಲಿ."

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಮಗಳೇ, ಆ ಚೀಟೀಲಿ ನನ್ನ ಏನಂತ ಬರೆದಿದ್ದಾರೆ ಇಂಗ್ಲಿಷಲ್ಲಿ?"

"ಅನ್‌ನೋನ್."

"ಹೇಗೆ ಬರೀತಾರೆ?"

ಒಂದೊಂದೇ ಅಕ್ಷರ ಹೇಳಿದೆ. ನಡುವೆ ಕೆ ಬಂತು.

"ಕೆ ಎಲ್ಲಿ ಬಂತು? ಕೇಳಿಸ್ಲೇ ಇಲ್ಲ."

"ಅದು ಇರತ್ತೆ, ಆದ್ರೆ ಹೇಳಲ್ಲ ಮೇಸ್ತ್ರಿ. ಮೊದಲನೇ ತಿಂಗಳಲ್ಲೇ ಕಲಿಸಿದ್ರು."

"ಇರತ್ತೆ, ಆದ್ರೆ ಹೇಳಲ್ಲ." ಅವರು ತಲೆ ತೂಗಿದರು. "ಪಾಪ ಕೆ."

ಒಂದು ಚೂರು ಕಾಗದದಲ್ಲಿ ಬರೆಸಿಕೊಂಡು ಜೇಬಿಗೆ ಹಾಕಿದರು. ತಮ್ಮ ಅವಮಾನದ ಕಾಗುಣಿತ ತಿಳಿಯುವ ಆಸೆ ಇರಬೇಕು ಎಂದುಕೊಂಡೆ. ನಾನು ಬೇಗ ಅರ್ಥ ಮಾಡಿಕೊಳ್ಳುವವಳಲ್ಲ. ಹೆಸರುಗಳ ಪಟ್ಟಿ ಕೊಟ್ಟು, ಒಬ್ದೂಲಿಯಾಗೆ ಈರುಳ್ಳಿ ಹೆಚ್ಚಿಕೊಡಲು ಹೋದೆ. ವಾಪಸ್ಸು ಬಂದಾಗ ಗಾಜಿಗೆಲ್ಲ ಕಂದು ಕಾಗದ ಮುಚ್ಚಿತ್ತು. "ಹಸಿ ಬಣ್ಣ, ರೈಲಿನ ಧೂಳು ಕೂರತ್ತೆ, ಸಂಜೆ ತೆಗೀತೀನಿ" ಎಂದು ಬ್ರೂಕ್‌ಗೆ ಹೇಳಿಸಿದರು. ಬ್ರೂಕ್ ನಂಬಿದಳು. ನಾನೂ ನಂಬಿದೆ.

ಸಂಜೆ ಆರಕ್ಕೆ ಜನ ಸೇರಿದರು. ಕಲಾವಿದರೆಲ್ಲ ಇಸ್ತ್ರಿ ಬಟ್ಟೆಯಲ್ಲಿ, ಅವರ ಅಮ್ಮಂದಿರು ಚರ್ಚಿಗೆ ಹೋಗುವ ಬಟ್ಟೆಯಲ್ಲಿ. ದೋನ್ ಫಿದೆನ್ಸಿಯೊ ಏಣಿಯ ಮೂರನೇ ಮೆಟ್ಟಿಲು ಹತ್ತಿ ಕಾಗದ ಎಳೆದರು.

ಪ್ರದರ್ಶನದ ಹೆಸರು ಇತ್ತು. ಅದರ ಕೆಳಗೆ ಹದಿನಾಲ್ಕು ಸಾಲು. ಹದಿನಾಲ್ಕರಲ್ಲೂ ಒಂದೇ ಪದ: ಅನ್‌ನೋನ್. ಒಂದು ದುಂಡಗೆ, ಒಂದು ಬಾಲ ಬಿಟ್ಟು, ಒಂದು ನೆರಳು ಕೊಟ್ಟು, ಒಂದು ಮದುವೆ ಕರೆಯೋಲೆಯ ಹಾಗೆ ಬಳುಕಿ. ಕೊನೆಗೆ ಚಿನ್ನದ ಬಣ್ಣದಲ್ಲಿ, ಪ್ರಾಯೋಜಕರು: ಅನ್‌ನೋನ್.

ಕಾಗುಣಿತ ಒಂದೂ ತಪ್ಪಿರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಕಲಾವಿದೆ ಯಾರಿತ್ಸಾ. ಅವಳಮ್ಮ ಹೋಟೆಲಿನಲ್ಲಿ ಕೋಣೆ ಗುಡಿಸುವವರು. ಅಮ್ಮನ ಹಳೆಯ ಸಮವಸ್ತ್ರದ ಮೇಲೆ ಕಸೂತಿ ಹಾಕಿ ಅವಳು ಪ್ರದರ್ಶನಕ್ಕೆ ಇಟ್ಟಿದ್ದಳು.

"ಅಜ್ಜ, ನನ್ನ ಹೆಸರೆಲ್ಲಿ? ನಮ್ಮಮ್ಮ ರಜೆ ಹಾಕಿ ನೋಡಕ್ಕೆ ಬಂದಿದ್ದಾಳೆ!"

"ಒಳಗಿದೆ ಮಗಳೇ, ನಿನ್ನ ಕೆಲಸದ ಪಕ್ಕದಲ್ಲೇ ಅಚ್ಚು ಹಾಕಿದ್ದಾರೆ. ಹೊರಗಡೆ ಮಾತ್ರ ನೀನು ನನ್ನ ಜೊತೆ. ಇದೊಂದು ಸಂಜೆ. ನಾಳೆ ನಾನೇ ಕೆರೆದು ನಿನ್ನ ಹೆಸರು ಬರೀತೀನಿ, ಬಳ್ಳಿ ಹೂ ಎಲ್ಲ ಹಾಕಿ."

"ನಿಮ್ಮ ಜೊತೆ ಅಂದ್ರೆ?"

ಒಬ್ದೂಲಿಯಾ ಅವಳ ಕೈ ಹಿಡಿದು ಹಂದಿಯ ಮುಂದೆ ನಿಲ್ಲಿಸಿದರು. ಉಳಿದವರೂ ಹಿಂದೆ ಹೋದರು. ಚೀಟಿ ಓದಿದರು. ಯಾರಿತ್ಸಾಳ ಅಮ್ಮ ಓದಲಿಲ್ಲ. ಹಂದಿ ನೋಡಿ, "ಇದು ಫಿದೆನ್ಸಿಯೊ ಮೇಸ್ತ್ರಿ ಹಂದಿ ಅಲ್ವಾ? ಕತ್ತೆ ಕಿವೀದು?" ಅಂದರು. ಯಾರಿತ್ಸಾ ಹೊರಗೆ ಬಂದು ಗಾಜಿನ ಮುಂದೆ ನಿಂತಳು.

"ನಂದು ಯಾವುದು? ಆ ಬಳುಕಿರೋದು ನಂಗಿರ್ಲಿ" ಅಂದಳು.

ಅಷ್ಟರಲ್ಲಿ ಸಾಂಬ್ರಾನೊ ಬಂದ. ಸರಕಿನ ರೈಲು ಎಂದಿನಂತೆ ರಸ್ತೆಗೆ ಅಡ್ಡ ನಿಂತು ಅವನ ಕಾರು ಮುಕ್ಕಾಲು ಗಂಟೆ ಆಚೆಯೇ ಸಿಕ್ಕಿಕೊಂಡಿತ್ತು. ಚಿನ್ನದ ಸಾಲು ನೋಡಿ ಕೂಗಿದ:

"ಇದೇನಿದು? ಈ ಊರಲ್ಲಿ ನಾನು ಯಾರು ಅಂತ ಯಾರಿಗೆ ಗೊತ್ತಿಲ್ಲ?"

"ನನಗೂ ಗೊತ್ತು ಸ್ವಾಮಿ" ಅಂದರು ದೋನ್ ಫಿದೆನ್ಸಿಯೊ, ಏಣಿಯ ಮೇಲಿಂದಲೇ. "ಆದ್ರೆ ನಾನೊಬ್ಬ ಹೇಳಿದ್ರೆ ಆಗಲ್ಲವಂತೆ. ಏನಾದ್ರೂ ಕಾಗದ ಇದೆಯಾ?"

ಮೊದಲು ನಕ್ಕದ್ದು ಅಮ್ಮಂದಿರು. ಆಮೇಲೆ ಎಲ್ಲರೂ.

"ಅಳಿಸು."

"ಕೊಟ್ಟವರ ಒಪ್ಪಿಗೆ ಬೇಕಂತೆ. ಬಣ್ಣ ಕೊಟ್ಟವನು ನಾನು. ಒಪ್ಪಲ್ಲ."

"ನಾನೇ ಅಳಿಸ್ತೀನಿ." ಅವನು ಕರವಸ್ತ್ರ ತೆಗೆದ. ಹದಿನಾಲ್ಕು ಕಲಾವಿದರು ಗಾಜಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಯಾರೂ ಹೇಳಿರಲಿಲ್ಲ. ಹಸಿ ಬಣ್ಣ ಅವರ ಇಸ್ತ್ರಿ ಬಟ್ಟೆಗೆ ಹತ್ತಿತು. ಸಾಂಬ್ರಾನೊ ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡು ಕಾರಿನ ಕಡೆ ನಡೆದ.

ಬ್ರೂಕ್ ನನ್ನ ಹತ್ತಿರ ಬಂದಳು. "ಚೀಟಿ ಮುಟ್ಟೋ ಅಧಿಕಾರ ನನಗೊಬ್ಬಳಿಗೇ ಇರೋದು" ಅಂದಳು. "ನಾನು ಈಗ ನೀರು ಕುಡಿಯಕ್ಕೆ ಹೋಗ್ತಿದ್ದೀನಿ." ಕೈಯಲ್ಲಿದ್ದ ಕಪ್ಪು ಪೆನ್ನನ್ನು ಹಂದಿಯ ಪಕ್ಕದ ಕಿಟಕಿಯಲ್ಲಿಟ್ಟು ಹೋದಳು.

ಎಲ್ಲರೂ ಒಳಗೆ ಸೇರಿದಾಗ ನಾನು ಪೆನ್ನನ್ನು ದೋನ್ ಫಿದೆನ್ಸಿಯೊಗೆ ಹಿಡಿದೆ.

"ಬರೀರಿ ಮೇಸ್ತ್ರಿ."

ಅವರು ಕೈ ಹಿಂದೆ ಕಟ್ಟಿಕೊಂಡರು. "ಮೂವತ್ತು ವರ್ಷ ನನ್ನ ಹೆಸರನ್ನ ನಾನೇ ಬರ್ಕೊಂಡಿದ್ದೀನಿ. ಬೇರೆ ಯಾರಾದ್ರೂ ಬರೀಲಿ."

ಯಾರೂ ಮುಂದೆ ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ನನ್ನ ಕೈಬರಹ ಕೆಟ್ಟದು, ಸಾಲು ಕೆಳಗೆ ಜಾರುತ್ತದೆ. ಅಜ್ಞಾತ ಎಂದು ಅಚ್ಚಾಗಿದ್ದ ಪದದ ಮೇಲೆ ಗೆರೆ ಎಳೆದು ಬರೆದೆ: ಫಿದೆನ್ಸಿಯೊ ಅರ್ರೆಯೋಲಾ. ಜಾರಿತು. ಅವರು ಕಣ್ಣು ಕಿರಿದು ಮಾಡಿ ನೋಡಿ, "ಏಣಿ ಇಳಿಯೋ ಹಾಗಿದೆ" ಅಂದರು. ಆಮೇಲೆ ಹೊರಗೆ ಹೋಗಿ ಒಬ್ದೂಲಿಯಾರ ಗಾಡಿಯ ಹಿಂದೆ ಒಬ್ಬರೇ ನಿಂತರು, ಮುಖ ಗೋಡೆಯ ಕಡೆಗೆ.

ಭಾನುವಾರ ಅವರು ಗಾಜು ಕೆರೆದು ಹದಿನಾಲ್ಕು ಹೆಸರನ್ನೂ ಬರೆದರು, ಮಾತಿನಂತೆ ಬಳ್ಳಿ ಹೂ ಹಾಕಿ. ಪ್ರಾಯೋಜಕರ ಹೆಸರನ್ನೂ ಬರೆದರು. ಕೂಲಿ ತಗೊಂಡ ಕೆಲಸ ಅರ್ಧಕ್ಕೆ ಬಿಡುವವರಲ್ಲ.

ಸೋಮವಾರ ಬೆಳಿಗ್ಗೆ ಸಾಂಬ್ರಾನೊನ ಆಳು ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದ. ಅಜ್ಞಾತ ಕಲಾವಿದ. ಮಧ್ಯಾಹ್ನ ಒಬ್ದೂಲಿಯಾ ಏಪ್ರನ್ನಿನಲ್ಲೇ ಒಳಗೆ ಹೋಗಿ ಬರೆದರು. ಮಂಗಳವಾರ ಮತ್ತೆ ಹೊಸ ಚೀಟಿ. ಟೈರ್ ಅಂಗಡಿಯವನು ಬರೆದ, ಹೆಬ್ಬೆರಳಿನ ಗ್ರೀಸ್ ಗುರುತೂ ಬಿತ್ತು. ಬುಧವಾರ ಯಾರಿತ್ಸಾಳ ಅಮ್ಮ. ರೈಲು ಅಡ್ಡ ನಿಂತ ದಿನ ಬಸ್ಸಿನಿಂದ ಇಳಿದವರೆಲ್ಲ ಬಂದು ಯಾರು ಬರೆಯಬೇಕೆಂದು ಜಗಳವಾಡಿದರು. ಬ್ರೂಕ್‌ಗೆ ದಿನಾ ಅದೇ ಹೊತ್ತಿಗೆ ಬಾಯಾರಿಕೆ. ಹಲಗೆ ಇನ್ನೂ ಒಬ್ದೂಲಿಯಾಗೆ ಸಿಕ್ಕಿಲ್ಲ. ಕೊಡೆಯ ನೆರಳು ಇನ್ನೂ ರಸ್ತೆಗೇ ಬೀಳುತ್ತದೆ. ಪ್ರದರ್ಶನ ಮುಗಿಯಲು ಒಂಬತ್ತು ದಿನ ಬಾಕಿ ಇದೆ.

ನಿನ್ನೆ ದೋನ್ ಫಿದೆನ್ಸಿಯೊ ಬಂದರು. ಆ ದಿನದ ಚೀಟಿಯಲ್ಲಿ ಅವರ ಹೆಸರಿಗೆ ಸಿ ಬದಲು ಎಸ್ ಬಿದ್ದಿತ್ತು. ನಮ್ಮ ಬಾಯಲ್ಲಿ ಎರಡೂ ಒಂದೇ ಅಲ್ಲವೇ.

"ಯಾವನಿವನು, ನನ್ನ ಹೆಸರೊಳಗೆ ಹಾವು ಬಿಟ್ಟವನು?" ಎಂದು ಗದರಿದರು.

ನನಗೆ ನಾಚಿಕೆಯಾಯಿತು, ಬರೆದವಳು ನಾನೇ ಏನೋ ಎಂಬಂತೆ. ಪೆನ್ನು ಕೊಟ್ಟೆ. "ತಿದ್ದಿ ಮೇಸ್ತ್ರಿ."

ಅವರು ಪೆನ್ನು ತೆಗೆದುಕೊಂಡರು. ಮುಚ್ಚಳ ಬಿಚ್ಚಿದರು. ಚೀಟಿಯನ್ನು ಇನ್ನೊಮ್ಮೆ ಓದಿದರು, ತುಟಿ ಅಲ್ಲಾಡಿಸುತ್ತ. ಮುಚ್ಚಳ ಹಾಕಿ ನನಗೇ ಕೊಟ್ಟರು.

"ಬಿಡು" ಅಂದರು. "ನಾಳೆ ಬರೆಯೋರು ಸರಿಯಾಗಿ ಬರೀಲಿ."