ನೆಲದ ಮೇಲಿಟ್ಟ ಬಟ್ಟಲು

ಯಾರಿತ್ಸಾ ಮತ್ತೆ ಬಟ್ಟಲನ್ನು ನೆಲಕ್ಕಿಟ್ಟಳು.

ಎದುರಿಗೆ ಮೇಜಿತ್ತು. ಕುರ್ಚಿಯ ಮೇಲೆ ಅವಳಿಗೆಂದೇ ಹಾಕಿದ್ದ ದಪ್ಪ ದಿಂಬೂ ಇತ್ತು. ಐದು ವರ್ಷದ ಆ ಹುಡುಗಿ ಅದನ್ನೆಲ್ಲ ಬಿಟ್ಟು, ಬಿಸಿ ಚಾಕೊಲೇಟಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿ, ಗೋಡೆಗೆ ಒತ್ತಿ ಕೂತು, ಬಗ್ಗಿ ಬಗ್ಗಿ ಕುಡಿಯತೊಡಗಿದಳು. ಬಟ್ಟಲನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅವಳನ್ನು ದತ್ತು ಪಡೆಯಲು ಬಂದಿದ್ದ ನಿಯೆವೆಸ್‌ಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ಮೇಲಲ್ಲ, ಮಾರ್ಲೇನಿಯ ಮೇಲೆ. ಮಾರ್ಲೇನಿ ಎಂದರೆ, ಯಾರಿತ್ಸಾಗೆ ಒಂದು ಮನೆ ಸಿಗುವವರೆಗೆ ಮಕ್ಕಳ ಕಚೇರಿಯ ಪರವಾಗಿ ಅವಳನ್ನು ತನ್ನ ಮನೆಯಲ್ಲಿಟ್ಟು ಸಾಕಿದವಳು. ನಿಯೆವೆಸ್ ಅವಳ ಮುಖವನ್ನೂ ನೋಡಿರಲಿಲ್ಲ. ಆದರೂ ಮನಸ್ಸಿನಲ್ಲೇ ಅವಳ ಜುಟ್ಟು ಹಿಡಿದು ಎಷ್ಟೋ ಸಲ ಜಗಳ ಆಡಿಯಾಗಿತ್ತು.

"ನೋಡಿದ್ರಾ ದೊನ್ಯಾ ಗ್ರಾಸಿಯೆಲಾ? ಆ ಹೆಂಗಸು ಈ ಮಗೂಗೆ ನೆಲದ ಮೇಲೇ ಹಾಕ್ತಿದ್ಳು ಅನ್ನಿ. ಬೆಕ್ಕಿಗೆ ಹಾಕೋ ಹಾಗೆ!"

ಅತಿಥಿಗೃಹದ ಒಡತಿ ದೊನ್ಯಾ ಗ್ರಾಸಿಯೆಲಾ ಆ ಊರಿನ ರೂಢಿಯಂತೆ ಚಾಕೊಲೇಟಿನೊಳಗೆ ಚೀಸ್ ತುಂಡು ಮುಳುಗಿಸುತ್ತಿದ್ದವಳು ತಲೆ ಎತ್ತಲಿಲ್ಲ. ದತ್ತು ಪಡೆಯಲು ಬೊಗೊಟಾಕ್ಕೆ ಬರುವ ಹೊರದೇಶದವರೆಲ್ಲ ಅವಳ ಮನೆಯಲ್ಲೇ ಇಳಿದುಕೊಳ್ಳುವುದು. ಬಾಯಿ ಜೋರು. 'ದೊನ್ಯಾ' ಎಂಬ ಗೌರವದ ಮಾತು ಸೇರಿಸದೆ ಬರೀ ಹೆಸರು ಹಿಡಿದು ಕರೆಯುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇಲ್ಲ.

"ನೀನು ನೋಡಿದ್ಯಾ, ಅವಳು ಹಾಕಿದ್ದು?"

"ನೋಡ್ಬೇಕಾ? ಕಣ್ಣೆದುರಿಗೇ ಇದೆಯಲ್ಲ."

"ಕಣ್ಣೆದುರಿಗೆ ಇರೋದು ಬಟ್ಟಲು ಮಗಳೇ. ಮಿಕ್ಕಿದ್ದು ನೀನೇ ಕಟ್ಕೊಂಡಿದ್ದು."

ಅಷ್ಟರಲ್ಲಿ ಬಾಗಿಲು ತೆರೆಯಿತು. ನಿಯೆವೆಸ್‌ಳ ಗಂಡ ಎಲೋಯ್ ಮಳೆಯಲ್ಲಿ ತೊಯ್ದು ಬಂದ. ಸ್ಪೇನ್‌ನ ಕಡಲೂರೊಂದರಲ್ಲಿ ಅವನು ಬಸ್ ಓಡಿಸುತ್ತಾನೆ, ಅವಳು ಮೀನಂಗಡಿ ನಡೆಸುತ್ತಾಳೆ. ಈ ಮಗುವಿಗಾಗಿ ಇಬ್ಬರೂ ವರ್ಷಗಟ್ಟಲೆ ಕಾದಿದ್ದರು.

"ಆಯ್ತು ಕಣೇ! ನ್ಯಾಯಾಧೀಶರ ತೀರ್ಪು ಬಂತು. ಇನ್ನು ಪಾಸ್‌ಪೋರ್ಟ್ ಒಂದು ಕೈಗೆ ಬಂದ್ರೆ ಶನಿವಾರ ವಿಮಾನ ಹತ್ತೋದೇ."

ನಿಯೆವೆಸ್ ಕಣ್ಣು ಒರೆಸಿಕೊಂಡಳು. ಓಡಿಹೋಗಿ ಮಗುವಿನ ಮುಂದೆ ಕೂತಳು. "ಕೇಳಿದ್ಯಾ ಚಿನ್ನಾ? ಶನಿವಾರ ಮನೆಗೆ!"

ಯಾರಿತ್ಸಾ ತಲೆಯಾಡಿಸಿದಳು. ನಗಲಿಲ್ಲ. ಅಳಲೂ ಇಲ್ಲ. ತನ್ನ ಕೆಂಪು ಬೂಟಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಆ ಬೂಟನ್ನು ಅವಳು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ವಿಮಾನ ಹತ್ತುವ ಅವಸರ ಅದಕ್ಕೆ ಎಂದು ಎಲೋಯ್ ಎಲ್ಲರ ಮುಂದೆ ಹೇಳಿ ನಗುತ್ತಿದ್ದ.

"ಎಷ್ಟು ಒಳ್ಳೇ ಮಗು ನೋಡಿ" ಎಂದಳು ನಿಯೆವೆಸ್. "ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಒಂದು ಹಟ ಇಲ್ಲ, ರಗಳೆ ಇಲ್ಲ."

"ಅದೇ ನನಗೆ ದಿಗಿಲು" ಎಂದಳು ದೊನ್ಯಾ ಗ್ರಾಸಿಯೆಲಾ. ಈಗ ಚಮಚ ಕೆಳಗಿಟ್ಟಿದ್ದಳು. "ಐದು ವರ್ಷದ ಮಗು ಮನೆ ಬಿಟ್ಟು ಬಂದಿದೆ. ಅಳಬೇಕಲ್ವಾ? ಅಳದೇ ಇರೋ ಮಗು ಒಳ್ಳೇ ಮಗು ಅಲ್ಲಮ್ಮಾ, ಹೆದರಿದ ಮಗು. ಮಾರ್ಲೇನೀನ ಕರೆಸು. ಹೋಗಿ ಬರ್ತೀನಿ ಅಂತ ಹೇಳೋಕೆ ಬಿಡು."

ಈ ಮಾತು ಹೊಸದಲ್ಲ. ಕಚೇರಿಯ ಆಪ್ತಸಮಾಲೋಚಕಿಯೂ ಇದನ್ನೇ ಹೇಳಿದ್ದಳು, ನಿಯೆವೆಸ್ ಒಪ್ಪಿರಲಿಲ್ಲ. ಕಚೇರಿಯಲ್ಲಿ ಬಲೂನು ಕಟ್ಟಿ ಮಗುವನ್ನು ಒಪ್ಪಿಸಿದ ದಿನವೂ ಮಾರ್ಲೇನಿ ಒಳಗೆ ಬರುವುದು ಬೇಡ ಎಂದು ಇವಳೇ ಕೇಳಿಕೊಂಡಿದ್ದಳು. ಮಾರ್ಲೇನಿ ಹೊರಬಾಗಿಲಲ್ಲೇ ಮಗುವಿನ ಕೈ ಬಿಟ್ಟು ಹೋಗಿದ್ದಳು.

"ಬೇಡ. ಒಂದ್ಸಲ ಹರಿದಿದ್ದು ಹರೀತು. ಮತ್ತೆ ಯಾಕೆ ಕೆದಕೋದು? ಅವಳನ್ನ ನೋಡಿದ್ರೆ ಮಗು ಅತ್ತೂ ಕರೆದೂ ರಂಪ ಮಾಡುತ್ತೆ."

"ಮಾಡ್ಲಿ."

"ಅವಳ ಕೊರಳಿಗೆ ಜೋತುಬಿದ್ದು ನನ್ನ ಜೊತೆ ಬರಲ್ಲ ಅಂದ್ರೆ?" ಎಂದಳು ನಿಯೆವೆಸ್. ನಿಜವಾದ ಭಯ ಇದೇ. ಇಷ್ಟು ವರ್ಷ ಬರಿದಾಗಿದ್ದ ಮಡಿಲು ತುಂಬಿದೆ, ಅದು ಮತ್ತೆ ಬರಿದಾದರೆ ಎಂಬ ಭಯ. ಅದನ್ನು ಅವಳು ಗಂಡನ ಹತ್ತಿರವೂ ಹೇಳಿಕೊಂಡಿರಲಿಲ್ಲ.

ದೊನ್ಯಾ ಗ್ರಾಸಿಯೆಲಾ ಅವಳ ಕೈ ಹಿಡಿದಳು. "ಹೀಗೇ ಹೆದರಿ ಕರ್ಕೊಂಡು ಹೋದವರನ್ನ ನಾನು ನೋಡಿದೀನಿ. ಆಮೇಲೆ ಫೋನ್ ಮಾಡಿ ಅಳ್ತಾರೆ. ಒಬ್ಬಳ ಮಗ ಬೀದೀಲಿ ಕಾರು ನಿಂತರೆ ಸಾಕು, ಮಂಚದಡಿ ಸೇರ್ಕೋತಾನಂತೆ, ಮತ್ತೆ ಯಾರೋ ಒಯ್ಯೋಕೆ ಬಂದ್ರು ಅಂತ. ಮಗು ಒಂದು ಮನೆಯಿಂದ ಮಾಯ ಆಗಬಾರ್ದು ಮಗಳೇ. ಒಬ್ಬರು ಕಳಿಸಿಕೊಡ್ಬೇಕು, ಇನ್ನೊಬ್ಬರು ಕರ್ಕೊಂಡು ಹೋಗ್ಬೇಕು. ಆಗ ಮಗೂಗೆ ದಾರಿ ಗೊತ್ತಾಗುತ್ತೆ."

ನಿಯೆವೆಸ್ ಕೈ ಬಿಡಿಸಿಕೊಂಡಳು. ಹಿಡಿದ ಪಟ್ಟು ಸುಲಭವಾಗಿ ಬಿಡುವ ಪೈಕಿ ಅವಳಲ್ಲ. ಕಡಲ ಕಡೆಯ ಮೀನು ಮಾರುವ ಹೆಂಗಸರ ಜೊತೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ.

ಮರುದಿನ ಬೆಳಿಗ್ಗೆ ಯಾರಿತ್ಸಾ ಮೊಟ್ಟೆಯ ಸಾರಿನ ಬೋಗುಣಿಯನ್ನೂ ನೆಲಕ್ಕಿಟ್ಟಳು. ನಿಯೆವೆಸ್ ಎದ್ದು ನಿಂತಳು.

"ಎಲೋಯ್, ಕಚೇರಿಗೆ ಫೋನ್ ಮಾಡು. ಆ ಮಾರ್ಲೇನಿ ಬರ್ಲಿ."

ಎಲೋಯ್‌ಗೆ ಆಶ್ಚರ್ಯ. "ಒಪ್ಕೊಂಡ್ಯಾ?"

"ಒಪ್ಕೊಂಡಿಲ್ಲ. ಬರ್ಲಿ ಅವಳು. ಮಕ್ಕಳಿಗೆ ಹೇಗೆ ಊಟ ಹಾಕ್ಬೇಕು ಅಂತ ನಾನು ಹೇಳಿಕೊಡ್ತೀನಿ. ಈ ಊರು ಬಿಡೋ ಮುಂಚೆ ಅವಳಿಗೆ ನಾಲ್ಕು ಮಾತು ಅನ್ನದೇ ಹೋದ್ರೆ ನಾನು ನಿಯೆವೆಸ್ಸೇ ಅಲ್ಲ."

ದೊನ್ಯಾ ಗ್ರಾಸಿಯೆಲಾ ಒಳಗೊಳಗೇ ನಕ್ಕಳು. ಜಗಳಕ್ಕಾದರೂ ಸರಿ, ಬರುವುದು ಮುಖ್ಯ.

ಗುರುವಾರ ಮಧ್ಯಾಹ್ನ ಆಪ್ತಸಮಾಲೋಚಕಿಯ ಜೊತೆ ಮಾರ್ಲೇನಿ ಬಂದಳು. ಗುಡ್ಡದ ಮೇಲಿನ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ ಬಂದ ಗಿಡ್ಡ ಹೆಂಗಸು. ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಚೀಸ್ ರೊಟ್ಟಿಗಳ ಪೊಟ್ಟಣ. ಬಾಗಿಲಲ್ಲಿ ನಿಂತವಳು ಒಳಗೆ ಬರಲು ಹಿಂಜರಿದಳು. ನಿಯೆವೆಸ್ ಸೊಂಟಕ್ಕೆ ಕೈಯಿಟ್ಟು ಸಿದ್ಧವಾಗಿಯೇ ನಿಂತಿದ್ದಳು.

ಆದರೆ ಜಗಳ ಶುರುವಾಗಲೇ ಇಲ್ಲ.

ಯಾರಿತ್ಸಾ ಮಾರ್ಲೇನಿಯನ್ನು ನೋಡಿದಳು. ಓಡಿ ಬರಲಿಲ್ಲ. ಕುಡಿಯುತ್ತಿದ್ದ ಚಾಕೊಲೇಟಿನ ಬಟ್ಟಲನ್ನು ನೆಲದ ಮೇಲೆ ಇನ್ನೂ ಗೋಡೆಯ ಹತ್ತಿರಕ್ಕೆ ಸರಿಸಿ, ಅದರ ಸುತ್ತ ಕೈ ಅಡ್ಡ ಇಟ್ಟಳು.

ಮಾರ್ಲೇನಿ ಗಾಬರಿಯಾದಳು. "ಯಾಕಮ್ಮಾ ಕಂದಾ ನೆಲದ ಮೇಲೆ? ನಮ್ಮನೇಲಿ ನಿನಗೇ ಅಂತ ಎತ್ತರದ ಕುರ್ಚಿ ಇತ್ತಲ್ಲ? ಅಜ್ಜನ ಪಕ್ಕ ಕೂತು ತಿಂತಿದ್ದೆಯಲ್ಲ?" ಆಮೇಲೆ ನಿಯೆವೆಸ್ ಕಡೆ ತಿರುಗಿ, ಅಳುಕುತ್ತ, "ಅಮ್ಮಾ, ಇವಳಿಗೆ ಮೇಜಿನ ಮೇಲೆ ಕೊಡಲ್ವಾ ನೀವು?" ಎಂದಳು.

ನಿಯೆವೆಸ್ ಸೊಂಟದಿಂದ ಕೈ ಇಳಿಸಿದಳು. ತಾನು ಇವಳನ್ನು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಇವಳು ತನ್ನನ್ನು ಕೇಳುತ್ತಿದ್ದಾಳೆ. ಹಾಗಾದರೆ ಈ ಅಭ್ಯಾಸ ಎಲ್ಲಿಂದ ಬಂತು?

ಅವಳು ನೆಲದ ಮೇಲೆ ಮಗುವಿನ ಪಕ್ಕ ಕೂತಳು. "ಚಿನ್ನಾ, ಬಟ್ಟಲನ್ನ ಕೆಳಗೆ ಯಾಕಿಡ್ತೀಯಾ?"

ಯಾರಿತ್ಸಾ ಬಟ್ಟಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ಸಣ್ಣ ದನಿ ಬಂತು.

"ಇಲ್ಲಿಂದ ಬೀಳಲ್ಲ."

"ಬಿದ್ರೆ ಏನಾಗುತ್ತೆ?"

ಯಾರಿತ್ಸಾ ಬೂಟಿನ ಪಟ್ಟಿ ಹಿಡಿದುಕೊಂಡಳು. "ಕಳಿಸಿಬಿಡ್ತೀರ. ಹೂಜಿ ಬಿದ್ದಾಗ ಮಾರ್ಲೇನಿ ಅಮ್ಮ ಕಳಿಸಿದ್ರಲ್ಲ ಹಾಗೆ."

ಮಾರ್ಲೇನಿ ಪೊಟ್ಟಣ ಬದಿಗಿಟ್ಟು ನೆಲಕ್ಕೆ ಕೂತಳು. ಅವಳ ತಾಯಿಯ ಕಾಲದ ಮಣ್ಣಿನ ಹೂಜಿ ಅದು. ಆಡುತ್ತ ಆಡುತ್ತ ಮಗು ಬೀಳಿಸಿತ್ತು. ಕೆಲಸದ ಮಧ್ಯೆ, ಸಿಟ್ಟಿನಲ್ಲಿ, ಎಲ್ಲ ತಾಯಂದಿರೂ ಹೇಳುವ ಹಾಗೆ ಅವಳೂ ಹೇಳಿದ್ದಳು: "ಹೀಗೇ ಮಾಡ್ತಿರು, ಯಾರಿಗಾದ್ರೂ ಕೊಟ್ಟುಬಿಡ್ತೀನಿ." ಸಂಜೆಗೆ ಅವಳೇ ಅದನ್ನು ಮರೆತಿದ್ದಳು. ಮರುದಿನ ಬೆಳಿಗ್ಗೆ ಕಚೇರಿಯಿಂದ ಫೋನ್ ಬಂದಿತ್ತು: ಯಾರಿತ್ಸಾಳ ಹೊಸ ಅಪ್ಪ ಅಮ್ಮ ಬಂದಿಳಿದಿದ್ದಾರೆ, ಬಟ್ಟೆ ಕಟ್ಟಿಡಿ. ಅಪ್ಪ ಅಮ್ಮ ಬರುತ್ತಾರೆಂದು ಫೋಟೋ ತೋರಿಸಿ ಎಷ್ಟೋ ದಿನದಿಂದ ಹೇಳಿದ್ದಳು ನಿಜ. ಆದರೆ ಮಗು ಲೆಕ್ಕ ಹಾಕಿದ್ದು ಬೇರೆ. ಹೂಜಿ ಒಡೆಯಿತು, ತನ್ನನ್ನು ಕೊಟ್ಟುಬಿಟ್ಟರು.

"ಅಯ್ಯೋ ನನ್ನ ಬಂಗಾರಾ! ಹೂಜಿಗಲ್ಲ ಕಣೇ, ಹೂಜಿಗಲ್ಲ!" ಮಾರ್ಲೇನಿ ಎರಡೂ ಕೈ ಚಾಚಿ ಅಳುತ್ತಿದ್ದಳು. "ಇವರು ಬರೋವರೆಗೆ ನಿನ್ನ ಜೋಪಾನ ಮಾಡೋದೇ ನನ್ನ ಕೆಲಸ ಆಗಿತ್ತು. ನೂರು ಹೂಜಿ ಒಡೆದಿದ್ರೂ ಜೋಪಾನ ಮಾಡ್ತಿದ್ದೆ. ನೀನೇನೂ ತಪ್ಪು ಮಾಡಿಲ್ಲ. ನಾನು ಸಿಟ್ಟಲ್ಲಿ ಸುಳ್ಳು ಹೇಳ್ದೆ."

ಮಗು ಕೇಳಿಸಿಕೊಂಡಿತು. ಆದರೂ ಬಟ್ಟಲಿಂದ ಕೈ ತೆಗೆಯಲಿಲ್ಲ. ಮಾತನ್ನು ನಂಬಿಯೇ ಅಲ್ಲವೇ ಅದು ಇಷ್ಟು ಸೊರಗಿದ್ದು?

ನಿಯೆವೆಸ್ ಎದ್ದಳು. ಮೇಜಿನ ಮೇಲಿದ್ದ ತನ್ನ ಬಟ್ಟಲನ್ನು ಎತ್ತಿಕೊಂಡಳು. ದೊನ್ಯಾ ಗ್ರಾಸಿಯೆಲಾ ಹಬ್ಬಕ್ಕೆ ಮಾತ್ರ ಹೊರತೆಗೆಯುವ, ತೀರ್ಪು ಬಂದ ಖುಷಿಗೆ ಅಂದು ತೆಗೆದಿದ್ದ, ಚಿನ್ನದಂಚಿನ ಪಿಂಗಾಣಿ ಬಟ್ಟಲು ಅದು. ಎಲ್ಲರೂ ನೋಡುತ್ತಿದ್ದಂತೆ ಕೈ ಎತ್ತಿ ಬಿಟ್ಟುಬಿಟ್ಟಳು.

ಬಟ್ಟಲು ಚೂರುಚೂರಾಯಿತು. ಯಾರಿತ್ಸಾ ಬಾಗಿಲ ಕಡೆ ನೋಡಿದಳು.

"ಒಡೆದುಹಾಕ್ದೆ" ಎಂದಳು ನಿಯೆವೆಸ್. "ಎಲೋಯ್, ನನ್ನ ಕಳಿಸಿಬಿಡ್ತೀಯಾ?"

"ಎಲ್ಲಿಗೆ? ನೀನಿಲ್ದೆ ನಾನು ಮನೆಗೆ ಹೋಗ್ತೀನಾ?" ಎಂದ ಎಲೋಯ್.

"ದೊನ್ಯಾ ಗ್ರಾಸಿಯೆಲಾ, ನೀವು?"

ದೊನ್ಯಾ ಗ್ರಾಸಿಯೆಲಾ ಎದೆಯ ಮೇಲೆ ಕೈಯಿಟ್ಟುಕೊಂಡು ಚೂರುಗಳನ್ನು ನೋಡುತ್ತಿದ್ದಳು. "ಬೈತೀನಿ. ಚೆನ್ನಾಗಿ ಬೈತೀನಿ. ನನ್ನ ಮದುವೇದು ಅದು, ದರಿದ್ರದವಳೇ! ಆದ್ರೆ ರಾತ್ರಿ ಊಟಕ್ಕೆ ಕರೀತೀನಿ."

ನಿಯೆವೆಸ್ ಮಗುವಿನ ಮುಂದೆ ಮಂಡಿಯೂರಿದಳು. "ಕೇಳಿಸ್ತಾ? ನಮ್ಮನೇಲಿ ಬಟ್ಟಲು ಒಡೆದ್ರೆ ಬೈಗುಳ ಸಿಗುತ್ತೆ. ಕಸಬರಿಕೆ ತಗೊಂಡು ಗುಡಿಸ್ತೀವಿ. ಅಷ್ಟೇ. ಯಾರನ್ನೂ ಕಳಿಸಲ್ಲ. ಯಾವತ್ತೂ."

ಯಾರಿತ್ಸಾಳ ಗಲ್ಲ ನಡುಗಿತು. ತುಟಿ ಸೊಟ್ಟಗಾಯಿತು. ಆಮೇಲೆ ಅಳು ಹೊರಟಿತು ನೋಡಿ, ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಂಥ ಅಳು. ಅವಳು ಓಡಿದ್ದು ಮಾರ್ಲೇನಿಯ ಹತ್ತಿರಕ್ಕೆ. ಅವಳ ಕೊರಳಿಗೇ ಜೋತುಬಿದ್ದಳು. ನಿಯೆವೆಸ್ ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು. ಆದರೂ ಅವಳು ಕದಲದೆ, ಮಗುವಿನ ಬೆನ್ನ ಮೇಲೆ ಒಂದು ಕೈ ಇಟ್ಟು ಅಲ್ಲೇ ಕೂತಳು. ಎಷ್ಟು ಹೊತ್ತು ಅಳುತ್ತದೋ ಅಳಲಿ, ತಾನು ಇಲ್ಲಿಂದ ಏಳುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದಳು.

ಸಂಜೆ ಮಾರ್ಲೇನಿ ಹೊರಟಾಗ ಮಗುವನ್ನು ತಾನೇ ಎತ್ತಿ ನಿಯೆವೆಸ್‌ಳ ತೋಳಿಗೆ ಕೊಟ್ಟಳು. "ಹೋಗಿ ಬಾ ನನ್ನ ಬಂಗಾರಾ. ಇವಳು ನಿನ್ನಮ್ಮ. ನಾನು ನಿನ್ನ ಮಾರ್ಲೇನಿ. ಫೋನ್ ಮಾಡು, ಹಲ್ಲು ಬಿದ್ದಾಗ ತೋರಿಸು." ಚೀಸ್ ರೊಟ್ಟಿ ಮಾಡುವ ಬಗೆಯನ್ನು ನಿಯೆವೆಸ್‌ಗೆ ಹೇಳಿಕೊಟ್ಟೇ ಹೋದಳು.

ಅಂದು ಯಾರಿತ್ಸಾ ಬೂಟು ಬಿಚ್ಚಿ ಮಲಗಿದಳು.

ಶನಿವಾರ ವಿಮಾನದಲ್ಲಿ ಅವಳು ಇನ್ನೊಂದು ಸುತ್ತು ಅತ್ತಳು. ಹಿಂದಿನ ಸೀಟಿನವರು ಗೊಣಗಿದರು. ನಿಯೆವೆಸ್ ಅವರ ಕಡೆ ಒಮ್ಮೆ ತಿರುಗಿ ನೋಡಿದಳು, ಅವರು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಹಾಲು ಬಂತು. ಯಾರಿತ್ಸಾ ಲೋಟವನ್ನು ಹಿಡಿದು ಕಾಲಡಿಯ ಜಾಗ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಅದನ್ನು ಮುಂದಿದ್ದ ಪುಟ್ಟ ಹಲಗೆಯ ಮೇಲೆ, ಅಂಚಿಗೇ, ಇಟ್ಟಳು. ವಿಮಾನ ಕುಲುಕಿತು. ಲೋಟ ಉರುಳಿ ಹಾಲೆಲ್ಲ ನಿಯೆವೆಸ್‌ಳ ಹೊಸ ಲಂಗದ ಮೇಲೆ.

"ಬೈಯಮ್ಮಾ" ಎಂದಳು ಯಾರಿತ್ಸಾ. ಅವಳು ಇವಳನ್ನು ಅಮ್ಮಾ ಎಂದದ್ದು ಅದೇ ಮೊದಲು.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಗುವನ್ನು ದತ್ತು ಪಡೆಯುವ ಮನಸ್ಸಿದ್ದರೆ ಕಾನೂನಿನ ದಾರಿಯಲ್ಲೇ ಪಡೆಯಿರಿ. ಎಷ್ಟು ತಡವಾದರೂ ಅಡ್ಡದಾರಿ ಹಿಡಿಯಬೇಡಿ. ವಿವರ ಬೇಕಿದ್ದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ಮಗು ಬಂದ ಮೇಲೆ ಅದರ ಹಿಂದಿನ ಮನೆಯನ್ನು ಮರೆಸಲು ಹೋಗಬೇಡಿ. ಸಾಕಿದವರಿಗೆ ಹೋಗಿ ಬರುತ್ತೇನೆಂದು ಹೇಳುವ ಅವಕಾಶ ಕೊಡಿ. ಅದು ಅತ್ತರೆ ನಿಮ್ಮನ್ನು ಒಪ್ಪಲಿಲ್ಲ ಎಂದು ತಿಳಿಯಬೇಡಿ, ಪಕ್ಕದಲ್ಲಿ ಕೂತಿರಿ. ನಿನ್ನ ತಪ್ಪಿನಿಂದ ಏನೂ ಆಗಿಲ್ಲ ಎಂದು ಬಾಯಿಬಿಟ್ಟು ಹೇಳಿ, ಒಂದು ಸಲವಲ್ಲ, ಅದು ನಂಬುವವರೆಗೆ.

ಇನ್ನೊಂದು ಮಾತು ಎಲ್ಲ ತಂದೆತಾಯಿಯರಿಗೂ, ಹೆತ್ತವರನ್ನೂ ಸೇರಿಸಿ. ಮಗು ಏನನ್ನಾದರೂ ಒಡೆದಾಗ ಬೈಯಿರಿ, ಗುಡಿಸಲು ಹೇಳಿ. ಆದರೆ ಕೊಟ್ಟುಬಿಡ್ತೀನಿ ಎಂದು ಮಾತ್ರ ತಮಾಷೆಗೂ ಅನ್ನಬೇಡಿ. ನೀವು ಸಂಜೆಗೆ ಮರೆಯುತ್ತೀರಿ. ಅದು ಬೂಟು ಹಾಕಿಕೊಂಡು ಕಾಯುತ್ತಿರುತ್ತದೆ.