ಮೂಲೆಯ ನಾಲ್ಕು ಚೌಕ

ದರ್ಜಿಗಳೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರಿಗೆ ಹೊಸ ಪರದೆ ಕೊಂಡುಕೊಂಡರು. ನನ್ನ ಗ್ರಹಚಾರ ಶುರುವಾಯಿತು.

ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದರ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಕೊಡೆ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯೇ ಕಂಪನಿ. ಹಳೆಯ ಪರದೆಯಲ್ಲಿ ಕಡಲೆಕಾಳಿನಷ್ಟು ಕಾಣುತ್ತಿದ್ದ ಐಕಾನುಗಳು ಹೊಸದರಲ್ಲಿ ಸಾಸಿವೆಯಾದವು. ಪರದೆ ನಾಜೂಕಾದಷ್ಟೂ ಅದರಲ್ಲಿ ಚಿತ್ರ ಮೂಡಿಸುವ ಚೌಕಗಳು, ಅಂದರೆ ಪಿಕ್ಸೆಲುಗಳು, ಸಣ್ಣವಾಗುತ್ತವೆ. ನಮ್ಮ ಐಕಾನುಗಳೋ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಚೌಕ ಎಂದು ಲೆಕ್ಕ ಹಾಕಿ ಬಿಡಿಸಿದವು.

"ಮೇಡಂ, ಕತ್ತರಿ ಯಾವ್ದು, ಟೇಪು ಯಾವ್ದು ಅಂತಾನೇ ಗೊತ್ತಾಗ್ತಿಲ್ಲ. ತೋಳು ಅಳೆಯೋಕೆ ಹೋಗಿ ತೋಳನ್ನೇ ಕತ್ತರಿಸಿಬಿಟ್ಟೆ," ಎಂದರು ಫೋನಿನಲ್ಲಿ ಒಬ್ಬ ಹಿರಿಯ ದರ್ಜಿ.

"ನಕ್ಷೇಲೋ, ಬಟ್ಟೇಲೋ?"

"ಸದ್ಯ, ನಕ್ಷೇಲಿ."

ಐಕಾನುಗಳನ್ನು ಹಿಗ್ಗಿಸಿ ನೋಡಿದೆ. ಸೂಜಿ ಮೆಟ್ಟಿಲು ಮೆಟ್ಟಿಲಾಯಿತು. ಅಂಚು ನಯ ಮಾಡಲು ಕಂಪ್ಯೂಟರಿಗೇ ಬಿಟ್ಟೆ. ಕನ್ನಡಕಕ್ಕೆ ಆವಿ ಹಿಡಿದಂತೆ ಎಲ್ಲ ಮಸುಕಾಯಿತು. ಒಂದೊಂದನ್ನೂ ಹೊಸದಾಗಿ ಬಿಡಿಸದೆ ಗತಿಯಿರಲಿಲ್ಲ. ಕಂಪನಿಯ ಯಜಮಾನರು ಹೊರಗಿನಿಂದ ಒಬ್ಬ ಚಿತ್ರಗಾರನನ್ನು ಕರೆತಂದರು. ಕಂಡಕಂಡ ಅಂಚನ್ನೆಲ್ಲ ಉಜ್ಜಿ ನುಣುಪು ಮಾಡುತ್ತಿದ್ದ ಅವನಿಗೆ ನಾನಿಟ್ಟ ಹೆಸರು ನುಣುಪಯ್ಯ.

ಪಾಪ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವಿರಲಿಲ್ಲ. ಆದರೂ ಮಾಡಿಕೊಂಡೆ. ಏಕೆಂದರೆ ಅವನು ಉಜ್ಜುತ್ತಿದ್ದುದು ನನ್ನ ಅಕ್ಕ ಬಿಡಿಸಿದ ಚಿತ್ರಗಳನ್ನು. ಕಂಪನಿ ಶುರುವಾದಾಗ ಚಿತ್ರದ ಕೆಲಸವೆಲ್ಲ ಅವಳದೇ. ಚೌಕದ ಬಟ್ಟೆಯ ಮೇಲೆ ದಾರದಲ್ಲಿ ಮೊದಲು ಹೊಲಿಯುವಳು, ತೋಳು ಚಾಚಿ ದೂರ ಹಿಡಿದು ನೋಡುವಳು, ಒಪ್ಪಿಗೆಯಾದರೆ ಪರದೆಗೆ ಇಳಿಸುವಳು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಈಗಲೂ ಆಫೀಸಿನಲ್ಲಿ ಏನಾದರೂ ತಮಾಷೆ ನಡೆದರೆ ಅವಳಿಗೆ ಹೇಳಬೇಕು ಎಂದುಕೊಳ್ಳುತ್ತೇನೆ, ಆಮೇಲೆ ನೆನಪಾಗುತ್ತದೆ.

ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಗುಂಡಿಗೆ ಎಲ್ಲರೂ ಹಿಂದೆ ತಿರುಗಿದ ಬಾಣ ಹಾಕುತ್ತಾರೆ. ಅಕ್ಕ ಹೊಲಿಗೆ ಬಿಚ್ಚುವ ಕೈಯನ್ನು ಬಿಡಿಸಿದ್ದಳು. ದರ್ಜಿಗಳಿಗೆ ಬಾಣ ಯಾಕೆ ಎಂಬುದು ಅವಳ ವಾದ.

ನುಣುಪಯ್ಯ ಅದನ್ನು ಗೋಡೆಯಷ್ಟು ಹಿಗ್ಗಿಸಿಕೊಂಡು ಕೂತಿದ್ದ. "ಇಲ್ಲಿ ಎಡಗಡೆ ಮೂಲೇಲಿ ನಾಲ್ಕು ಚೌಕ ಉಳ್ಕೊಂಡುಬಿಟ್ಟಿದೆ. ಕಸ ಅನ್ಸತ್ತೆ. ತೆಗೆದುಬಿಡ್ಲಾ?"

"ನಮ್ಮಕ್ಕ ಕಸ ಬಿಡೋಳಲ್ಲ."

"ಹಾಗಾದ್ರೆ ಏನದು, ಹೇಳಿ. ಅದನ್ನೇ ಬಿಡಿಸ್ತೀನಿ."

ಅದು ನನಗೂ ಗೊತ್ತಿರಲಿಲ್ಲ. ಸಣ್ಣ ಚಿತ್ರದಲ್ಲಿ ಒಂದು ಚೌಕ ಇಟ್ಟರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ದೊಡ್ಡದು ಮಾಡುವವರಿಗೆ ಮಾತ್ರ ಅದೇನೆಂದು ಗೊತ್ತಿರಬೇಕು. ಅಕ್ಕನನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಇದೊಂದನ್ನು ನಾನೇ ಬಿಡಿಸುತ್ತೇನೆ ಎಂದೆ. ಸೋಮವಾರದೊಳಗೆ ಕೊಡದಿದ್ದರೆ ಆ ಜಾಗಕ್ಕೂ ಬಾಣವೇ ಎಂದರು ಯಜಮಾನರು.

ಭಾನುವಾರ ಅಮ್ಮನ ಮನೆಗೆ ಹೋಗಿ, ಅವಳ ಹೊಲಿಗೆ ಮೆಷಿನ್ನಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟೆ. ಅಮ್ಮ ಆ ಗುಂಡಿಯ ಚಿತ್ರವನ್ನು ಹತ್ತಿರದಿಂದ ನೋಡಿ ಮುಖ ಸಿಂಡರಿಸಿದಳು. ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕಣ್ಣು ಕಿರಿದು ಮಾಡಿದಳು.

"ಇದು ನಿನ್ನ ಕೈ ಅಲ್ವೇನೇ? ಕಿರುಬೆರಳು ನೋಡು, ಸೊಟ್ಟ."

ನಿಜ, ನನ್ನ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ. ಇಷ್ಟು ವರ್ಷ ದಿನವೂ ಒತ್ತಿದ ಗುಂಡಿಯಲ್ಲಿದ್ದದ್ದು ನನ್ನದೇ ಕೈ.

"ಮತ್ತೆ ಈ ನಾಲ್ಕು ಚೌಕ ಏನಮ್ಮ?"

ಅಮ್ಮ ಬುಟ್ಟಿಯಿಂದ ಒಂದು ಹೊಲಿದ ಚೂರು ತೆಗೆದು ನನ್ನ ಕೈಗಿಟ್ಟಳು. "ಬಿಚ್ಚು." ದಾರ ಎಳೆದೆ. ದಾರದ ಜೊತೆ ಬಟ್ಟೆಯೂ ಮುದುಡಿಕೊಂಡು ಬಂತು.

"ಆಗ್ಲೂ ನಿನಗೆ ಹೀಗೇ ಆಗ್ತಿತ್ತು. ನಾನು ತಪ್ಪು ಹೊಲಿದಾಗೆಲ್ಲ ಬಿಚ್ಚೋಕೆ ನೀವಿಬ್ರೂ ಎದುರುಬದುರು ಕೂರ್ತಿದ್ರಿ. ಅವಳು ಬಿಗಿಯಾಗಿ ಹಿಡ್ಕೊಳ್ತಿದ್ಲು, ನೀನು ಎಳೀತಿದ್ದೆ." ಅಮ್ಮ ಪರದೆಯ ಮೂಲೆಯನ್ನು ಮುಟ್ಟಿದಳು. "ಅವಳ ಬೆರಳ ತುದಿ ಕಣೇ ಇದು."

ಆಮೇಲೆ ಅಮ್ಮ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ನಾನು ಎಳೆದೆ, ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತು.

ನನ್ನ ಕೈ ಬಿಡಿಸುವುದು ಕಷ್ಟವಾಗಲಿಲ್ಲ. ಹೊಸ ಚಿತ್ರದಲ್ಲಿ ಜಾಗ ಬೇಕಾದಷ್ಟಿತ್ತು. ಗೆಣ್ಣು, ಗೆರೆ, ಸೊಟ್ಟ ಬೆರಳು, ಎಲ್ಲ ಬಂತು. ಅಕ್ಕನ ಬೆರಳಿಗೆ ಬಂದಾಗ ಕೈಯೇ ಓಡಲಿಲ್ಲ. ಅವಳ ಉಗುರು ಹೇಗಿತ್ತು? ಉದ್ದವೋ, ಚಪ್ಪಟೆಯೋ? ಇದ್ದಬದ್ದ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲಿ ಅವಳ ಕೈ ನನ್ನ ಬೆನ್ನ ಹಿಂದೆ, ಇನ್ನೊಂದರಲ್ಲಿ ಸೆರಗಿನೊಳಗೆ. ಅವಳ ಬೈಗುಳ ನೆನಪಿದೆ, ಮೂಗಿನಲ್ಲೇ ನಗುತ್ತಿದ್ದದ್ದು ನೆನಪಿದೆ, ಗಂಟೆಗಟ್ಟಲೆ ಎದುರಿಗಿದ್ದ ಬೆರಳು ನೆನಪಿಲ್ಲ. ಅಮ್ಮನ ಉಗುರು ನೋಡಿ ಬಿಡಿಸಿದೆ, ಅಳಿಸಿದೆ. ನನ್ನದನ್ನೇ ನೋಡಿ ಬಿಡಿಸಿದೆ, ಅದನ್ನೂ ಅಳಿಸಿದೆ. ಚೆಂದವಾಗಿಯೇ ಇದ್ದವು, ಆದರೆ ಅವಳವಲ್ಲ.

ನನಗೆ ಅಕ್ಕ ಬೇಕು. ಒಂದೇ ಒಂದು ಸಲ ಬಂದು ಎದುರಿಗೆ ಕೂತು ಬಟ್ಟೆಯ ತುದಿ ಹಿಡಿದುಕೊಂಡರೆ ಸಾಕು. ಈ ಸಲ ದಾರ ನೋಡುವುದಿಲ್ಲ, ಬೆರಳು ನೋಡಿಕೊಳ್ಳುತ್ತೇನೆ.

ಸೋಮವಾರ ಚಿತ್ರ ಕೊಟ್ಟೆ. ಕೈ, ದಾರ, ಬಟ್ಟೆಯ ಮಡಿಕೆ ಎಲ್ಲ ಹೊಸತು. ಎಡಮೂಲೆಯಲ್ಲಿ ಮಾತ್ರ ಅಕ್ಕ ಇಟ್ಟ ನಾಲ್ಕು ಚೌಕ, ಚೌಕವಾಗಿಯೇ.

"ಇದೊಂದು ಹಳೇದೇ ಉಳೀತಲ್ಲ," ಎಂದ ನುಣುಪಯ್ಯ.

"ನಮ್ಮಕ್ಕನ ಬೆರಳು. ಉಳೀಲಿ."

ಅವನು ನನ್ನ ಮುಖ ನೋಡಿದ. ಆಮೇಲೆ ಪರದೆಯತ್ತ ಬಗ್ಗಿ, ಅಂಚು ಮಸುಕಾಗದಂತೆ ಆ ನಾಲ್ಕನ್ನು ಕೂದಲೆಳೆಯಷ್ಟು ಸರಿಸಿ ಕೂರಿಸಿದ. ಉಜ್ಜಲಿಲ್ಲ. ಅಂದಿನಿಂದ ಅವನ ಅಡ್ಡಹೆಸರನ್ನು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ.

ಎರಡು ವಾರ ಕಳೆದ ಮೇಲೆ ಆ ಹಿರಿಯ ದರ್ಜಿ ಫೋನ್ ಮಾಡಿದರು. "ಈಗೆಲ್ಲ ಚೆನ್ನಾಗಿ ಕಾಣ್ತಿದೆ ಮೇಡಂ. ಬಿಚ್ಚೋ ಗುಂಡೀಲಿ ಮಾತ್ರ ಮೂಲೆ ಸರಿಯಾಗಿ ಬಂದಿಲ್ಲ. ಚೌಕ ಚೌಕ ಕಾಣತ್ತೆ."

"ಅಲ್ಲಿ ಒಬ್ರು ಬಟ್ಟೆ ಹಿಡ್ಕೊಂಡಿದ್ದಾರೆ," ಎಂದೆ.

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಸರಿ ಮೇಡಂ," ಎಂದರು ಅವರು. "ಹಿಡ್ಕೊಂಡಿರಲಿ."